ಹಿತ್ತಲಲ್ಲಿ ಮರಗೆಲಸದ ಶೆಡ್ ಹಾಕುವವರು ಮೊದಲು ಮಿಷನ್ ಕೊಳ್ಳಬೇಡಿ

ಏಪ್ರಿಲ್‌ನಲ್ಲಿ ಎದ್ದ ಶೆಡ್‌ಗೆ ಆಗಸ್ಟ್‌ನಲ್ಲಿ ಬೀಗ ಬಿತ್ತು. ಮಲೆನಾಡಿನ ಹಿತ್ತಲು, ಮನೆಯ ಮೇನ್ ಬೋರ್ಡಿನಿಂದ 30 ಮೀಟರ್ ದೂರ, 10 x 12 ಅಡಿ, ಮೇಲೆ ಜಿಐ ಶೀಟ್. ಬಹುಪಾಲು ದುಡ್ಡು ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸದ ಮಿಷನ್) ಮತ್ತು ಹಲಗೆ ಹೆರೆಯುವ ಪ್ಲೇನರ್‌ಗೇ ಹೋಗಿತ್ತು. ನೆಲ, ಸೂರು, ವೈರಿಂಗ್ ಎಲ್ಲ ಮಿಕ್ಕ ಚಿಲ್ಲರೆಯಲ್ಲಿ. ಒಂದೇ ಮಳೆಗಾಲಕ್ಕೆ ಸಾ ಮೋಟಾರಿನ ವೈಂಡಿಂಗ್ (ಒಳಗಿನ ತಂತಿ ಸುರುಳಿ) ಸುಟ್ಟಿತು, ಅದರ ಬೀಡಿನ (ಎರಕದ ಕಬ್ಬಿಣದ) ಟೇಬಲ್ ತುಕ್ಕು ಹಿಡಿಯಿತು, ಹಲಗೆ ರಾಶಿಯ ಅಡಿಯಿಂದ ಗೆದ್ದಲು ಹತ್ತಿತು. ಮಿಷನ್‌ಗಳಲ್ಲಿ ಯಾವ ದೋಷವೂ ಇರಲಿಲ್ಲ.

ಮೋಟಾರ್ ಯಾಕೆ ಸುಟ್ಟಿತು ಅಂತ ಮೊದಲು ನೋಡೋಣ, ಯಾಕೆಂದರೆ ಇದೇ ಎಲ್ಲ ಕಡೆ ಆಗುವ ತಪ್ಪು. 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಓಡುವಾಗ ಸುಮಾರು 10 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ನಾಲ್ಕೈದು ಪಟ್ಟು. ಆದರೆ ಶೆಡ್ಡಿನವರೆಗೆ ಹಾಕಿದ್ದು ಮನೆಯೊಳಗಿನ ಲೈಟ್ ಪಾಯಿಂಟಿಗೆ ಹಾಕುವ 1.5 ಸ್ಕ್ವೇರ್ ಎಂಎಂ ತಾಮ್ರದ ವೈರು. ಹೋಗಿ ಬರುವ 60 ಮೀಟರಿಗೆ ಅದರ ರೆಸಿಸ್ಟೆನ್ಸ್ 0.7 ಓಮ್ ದಾಟುತ್ತದೆ. ಸಂಜೆ ಹೊತ್ತು ಲೈನಿನಲ್ಲಿ 190 ವೋಲ್ಟ್ ಇದ್ದರೆ, ಸ್ಟಾರ್ಟ್ ಆಗುವಾಗ 25 ವೋಲ್ಟ್ ವೈರಿನಲ್ಲೇ ಕಳೆದುಹೋಗಿ ಮೋಟಾರಿಗೆ ಸಿಗುವುದು 165. ತಿರುಗಿಸುವ ಬಲ ಅರ್ಧಕ್ಕೆ ಇಳಿಯುತ್ತದೆ. ಕೆಪಾಸಿಟರ್ ಸ್ಟಾರ್ಟ್ ಮೋಟಾರಿನಲ್ಲಿ ಪೂರ್ಣ ವೇಗದ ಮುಕ್ಕಾಲು ಭಾಗ ಮುಟ್ಟಿದ ಮೇಲಷ್ಟೇ ಸೆಂಟ್ರಿಫ್ಯೂಗಲ್ ಸ್ವಿಚ್ ಬಿಟ್ಟುಕೊಂಡು ಸ್ಟಾರ್ಟಿಂಗ್ ವೈಂಡಿಂಗನ್ನು ಕತ್ತರಿಸುವುದು. ಆ ವೇಗ ಬರಲಿಲ್ಲವೋ, ಕೆಲವು ಸೆಕೆಂಡಿಗೆಂದು ಮಾಡಿದ ಆ ವೈಂಡಿಂಗ್ ಗುಂಯ್‌ಗುಟ್ಟುತ್ತಾ ಕಾಯುತ್ತಲೇ ಇರುತ್ತದೆ. ಹೀಗೆ ವೋಲ್ಟೇಜ್ ಇಳಿದಾಗ ಮೋಟಾರ್ ಎಳೆಯುವುದು ಸುಮಾರು 35 ಆಂಪಿಯರ್; 20 ಆಂಪಿಯರ್ ಎಂಸಿಬಿಗೆ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಅದು ತಕ್ಷಣ ಬೀಳಬೇಕಾದ ಲೋಡೇನಲ್ಲ. ವಾಸನೆ ಬಂದ ಮೇಲೂ ಅದು ನಿಂತೇ ಇರಬಹುದು.

ಈ ದೂರಕ್ಕೆ ಕನಿಷ್ಠ 4 ಸ್ಕ್ವೇರ್ ಎಂಎಂ ತಾಮ್ರದ ಆರ್ಮರ್ಡ್ (ಉಕ್ಕಿನ ಕವಚದ) ಕೇಬಲ್ ಹಾಕಿ, ಎರಡೂವರೆ ಅಡಿ ಆಳದಲ್ಲಿ ಹೂಳಿ. ಶೆಡ್ಡಿಗೇ ಬೇರೆ ಅರ್ಥಿಂಗ್, ಕರೆಂಟ್ ಸೋರಿದರೆ ತಕ್ಷಣ ಕತ್ತರಿಸುವ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಹೆಚ್ಚು ಕರೆಂಟ್ ಎಳೆಯುತ್ತಲೇ ಇದ್ದರೆ ಮೋಟಾರನ್ನು ನಿಲ್ಲಿಸುವ ಓವರ್‌ಲೋಡ್ ರಿಲೇ ಇರುವ ಡಿಒಎಲ್ ಸ್ಟಾರ್ಟರ್ ಬೇಕೇ ಬೇಕು, ಮಾಮೂಲಿ ಸ್ವಿಚ್ ಸಾಲದು. ಅದರಿಂದ ಇನ್ನೊಂದು ಲಾಭ: ಕರೆಂಟ್ ಹೋದಾಗ ಸ್ಟಾರ್ಟರ್ ತಾನೇ ಬೀಳುತ್ತದೆ. ಬ್ಲೇಡಿಗೆ ಕೈ ಹಾಕಿ ಹಲಗೆ ತೆಗೆಯುತ್ತಿದ್ದಾಗ ಕರೆಂಟ್ ಬಂದರೂ ಸಾ ತಿರುಗುವುದಿಲ್ಲ. ಕರೆಂಟ್ ಕಣ್ಣುಮುಚ್ಚಾಲೆ ಆಡುವ ನಮ್ಮ ಕಡೆ ಇದು ಬೆರಳಿನ ಪ್ರಶ್ನೆ. ಬೋರ್ಡಿನಲ್ಲಿ ಒಂದು ವೋಲ್ಟ್ ಮೀಟರ್ ಇರಲಿ, 200ಕ್ಕಿಂತ ಕೆಳಗಿದ್ದರೆ ಸ್ಟಾರ್ಟ್ ಮಾಡುವುದು ಬೇಡ.

ತುಕ್ಕಿಗೆ ಸೋರುವ ಮಾಡೇ ಕಾರಣ ಅಂತ ಎಲ್ಲರೂ ಮೇಲೆ ನೋಡುತ್ತಾರೆ. ಅಲ್ಲಿ ಒಂದು ಹನಿಯೂ ಸೋರಿರಲಿಲ್ಲ. ಮಳೆ ಬಿಟ್ಟು ಆಕಾಶ ತಿಳಿಯಾದ ರಾತ್ರಿ ಬರಿಯ ಶೀಟು ಹೊರಗಾಳಿಗಿಂತ ತಣ್ಣಗಾಗುತ್ತದೆ. ಒಳಗಿನ ತೇವ ಅದರ ಅಡಿಯಲ್ಲಿ ಹನಿಗಟ್ಟಿ ಮಿಷನ್ ಮೇಲೆ ಉದುರುತ್ತದೆ. ಬೆಳಿಗ್ಗೆ ಬಾಗಿಲು ತೆಗೆದರೆ ಹೊರಗಿನ ಬೆಚ್ಚಗಿನ ಗಾಳಿ ತಗುಲಿ ಬೀಡಿನ ಟೇಬಲ್ಲೂ ಬೆವರುತ್ತದೆ. ಬೆವರುಗೈ ಊರಿದ ಜಾಗದಲ್ಲಿ ಮಾರನೆಯ ದಿನ ಐದು ಬೆರಳೂ ಕೆಂಪಗೆ ಮೂಡಿರುತ್ತವೆ. ಶೀಟಿನ ಕೆಳಗೆ ಫಾಯಿಲ್ ಇರುವ ಬಬಲ್ ಇನ್ಸುಲೇಷನ್ ಹಾಕಿ, ಎದುರು ಬದುರು ಗೋಡೆಯ ಮೇಲ್ತುದಿಯಲ್ಲಿ ಜಾಲರಿ ಬಿಡಿ. ಟೇಬಲ್ಲಿಗೆ ಮೇಣದ ಪಾಲಿಶ್ ತಿಕ್ಕಿ. ಸಿಲಿಕೋನ್ ಸ್ಪ್ರೇ ಬೇಡ, ಮುಂದೆ ಮರಕ್ಕೆ ಪಾಲಿಶ್ ಹಾಕುವಾಗ ಅಲ್ಲಲ್ಲಿ ಗುಳಿ ಬೀಳುತ್ತದೆ.

ಇದೇ ತೇವ ಮರವನ್ನೂ ಬಿಡುವುದಿಲ್ಲ. ಬೇಸಿಗೆಯಲ್ಲಿ ಶೇ. 8–9 ತೇವಾಂಶಕ್ಕೆ ಒಣಗಿದ ಹಲಗೆ ಮಳೆಗಾಲದ ಗಾಳಿಯಲ್ಲಿ ಶೇ. 18ರವರೆಗೂ ಏರಬಲ್ಲದು. ಅಷ್ಟು ವ್ಯತ್ಯಾಸಕ್ಕೆ ಒಂದಡಿ ಅಗಲದ ಸಾಗುವಾನಿ ಹಲಗೆ ಸುಮಾರು 5 ಮಿ.ಮೀ. ಹಿಗ್ಗುತ್ತದೆ. ಏಪ್ರಿಲ್‌ನಲ್ಲಿ ಬಿಗಿಯಾಗಿ ಕೂರಿಸಿದ ಡ್ರಾಯರ್ ಜುಲೈನಲ್ಲಿ ಯಾಕೆ ಹೊರಬರಲಿಲ್ಲ ಅನ್ನುವುದಕ್ಕೆ ಬೇರೆ ಉತ್ತರ ಹುಡುಕಬೇಕಿಲ್ಲ. ಪಿನ್ ಚುಚ್ಚಿ ಮರದ ತೇವ ಅಳೆಯುವ ಮಾಯಿಶ್ಚರ್ ಮೀಟರ್ ಕೊಳ್ಳಿ, ಹೊಸ ಬ್ಲೇಡಿಗಿಂತ ಮೊದಲು.

ನೆಲ ಹೊರಗಿನ ಮಣ್ಣಿಗಿಂತ ಒಂದಡಿ ಎತ್ತರ ಇರಬೇಕು. ಜಲ್ಲಿ, ಅದರ ಮೇಲೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆಯನ್ನು ಒಂದಡಿ ಒಂದರ ಮೇಲೊಂದು ಬರುವಂತೆ ಹಾಸಿ, ಆಮೇಲೆ 4 ಇಂಚು ಕಾಂಕ್ರೀಟ್. ಹಾಳೆ ಇಲ್ಲದಿದ್ದರೆ ನೆಲವೇ ರಾತ್ರಿಯೆಲ್ಲ ತೇವ ಉಗುಳುತ್ತದೆ. ಗೆದ್ದಲಿಗೆ, ಜಲ್ಲಿ ಹಾಕುವ ಮುಂಚೆಯೇ ಶೇ. 20ರ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಒಂದು ಲೀಟರಿಗೆ 19 ಲೀಟರ್ ನೀರು ಬೆರೆಸಿ, ಚದರ ಮೀಟರಿಗೆ 5 ಲೀಟರಿನಂತೆ ಮಣ್ಣಿಗೆ ಸುರಿಯುತ್ತಾರೆ. 10 x 12 ಅಡಿಗೆ ಸುಮಾರು 55 ಲೀಟರ್. ಬಾವಿ ಹತ್ತಿರವಿದ್ದರೆ ಈ ವಿಷದ ಸಹವಾಸ ಬೇಡ. ಹಲಗೆ ಯಾವ ಕಾರಣಕ್ಕೂ ನೆಲಕ್ಕಾಗಲಿ ಗೋಡೆಗಾಗಲಿ ತಾಗಬಾರದು. ಮೂಲೆಯಲ್ಲಿ ಗುಡ್ಡೆ ಹಾಕಿದ ಹೊಟ್ಟು ಗೆದ್ದಲಿಗೆ ಕೊಟ್ಟ ಕರೆಯೋಲೆ.

ಜಾಗದ ಲೆಕ್ಕವೂ ತಪ್ಪಿತ್ತು. 8 ಅಡಿ ಹಲಗೆಯನ್ನು ಉದ್ದಕ್ಕೆ ಸೀಳಲು ಬ್ಲೇಡಿನ ಮುಂದೆ 8, ಹಿಂದೆ 8 ಅಡಿ ಬೇಕು. 12 ಅಡಿ ಶೆಡ್ಡಿನಲ್ಲಿ ಅದಾಗದ ಮಾತು. ಬ್ಲೇಡಿನ ನೇರಕ್ಕೆ ಬಾಗಿಲು ಇಡಿ, ಎದುರು ಗೋಡೆಯಲ್ಲಿ ಟೇಬಲ್ ಮಟ್ಟಕ್ಕೆ ಒಂದು ಕಿಂಡಿ ಬಿಡಿ. ತೆಂಗಿನ ಮರದ ಕೆಳಗಂತೂ ಕಟ್ಟಲೇಬೇಡಿ, ಶೀಟಿಗೆ ಒಂದು ಕಾಯಿ ಸಾಕು.

ಮೋಟಾರ್ ಸುಟ್ಟ ಮೇಲೆ ಅಲ್ಲಿ ಮಾಡಿದ ಉಪಾಯ ಇನ್ನೂ ಕೆಟ್ಟದ್ದು: ಮಾರ್ಬಲ್ ಕಟರನ್ನು ಪ್ಲೈವುಡ್ ಅಡಿ ತಲೆಕೆಳಗಾಗಿ ಬಿಗಿದು, ಸ್ವಿಚ್ ಲಾಕ್ ಮಾಡಿ, ಟೇಬಲ್ ಸಾ ಅಂತ ಬಳಸಿದ್ದು. ಅದು 12,000 ಆರ್‌ಪಿಎಂ ಆಸುಪಾಸಿನಲ್ಲಿ ತಿರುಗುತ್ತದೆ. ಅನೇಕ ಮರದ ಬ್ಲೇಡುಗಳ ಮೇಲೆ ಬರೆದ ಗರಿಷ್ಠ ವೇಗ ಅದಕ್ಕಿಂತ ಕಡಿಮೆ. ಸೀಳು ಕೂಡಿಕೊಳ್ಳದಂತೆ ತಡೆಯುವ ರೈವಿಂಗ್ ನೈಫ್ ಇಲ್ಲ, ಗಾರ್ಡ್ ಇಲ್ಲ. ಹಸಿ ಹಲಸಿನ ಹಲಗೆ ಬ್ಲೇಡನ್ನು ಕಚ್ಚಿದರೆ ತುಂಡು ನೇರ ಹೊಟ್ಟೆಗೆ ಬರುತ್ತದೆ. ಹೊಸ ಮೋಟಾರ್ ಬರುವವರೆಗೆ ಕೈಗರಗಸದಲ್ಲೇ ಕೆಲಸ ಸಾಗಲಿ.