ಸಿನಿಬೆಂಚ್, ಪ್ರೈಮ್95, ಓಸಿಸಿಟಿ, ಕೋರ್‌ಸೈಕ್ಲರ್: ನನ್ನ 5600ಎಕ್ಸ್‌ನ ತಪ್ಪು ಹಿಡಿದದ್ದು ಯಾವುದು?

ನನ್ನದು ಎಎಂಡಿಯ ರೈಜೆನ್ 5 5600ಎಕ್ಸ್ ಪ್ರೊಸೆಸರ್, ಆರು ಕೋರ್, ಹನ್ನೆರಡು ಥ್ರೆಡ್. ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆ) ಪಿಬಿಓ, ಅಂದರೆ ಪ್ರೊಸೆಸರ್ ತಾನೇ ಇನ್ನಷ್ಟು ವೇಗಕ್ಕೆ ಏರಲು ಬಿಡುವ ಸೆಟ್ಟಿಂಗ್, ಆನ್ ಮಾಡಿ, ಬೂಸ್ಟ್‌ಗೆ (ಗರಿಷ್ಠ ವೇಗಕ್ಕೆ) 200 ಮೆಗಾಹರ್ಟ್ಸ್ ಸೇರಿಸಿ, ಕೋರ್‌ಗಳ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲಾ ಕೋರ್‌ಗೂ ಮೈನಸ್ 30 ಕೊಟ್ಟೆ. ಅದಕ್ಕಿಂತ ಕೆಳಗೆ ಹೋಗಲು ಅಲ್ಲಿ ಜಾಗವಿಲ್ಲ. ಒಂದೊಂದು ಅಂಕಿಗೂ ಸುಮಾರು 3ರಿಂದ 5 ಮಿಲಿವೋಲ್ಟ್ ಕಡಿಮೆಯಾಗುತ್ತದೆ. ಪವರ್ ಮಿತಿಯನ್ನು ಮಾತ್ರ ಮೊದಲಿದ್ದ 76 ವ್ಯಾಟ್‌ನಲ್ಲೇ ಇಟ್ಟೆ.

ವೋಲ್ಟೇಜ್ ಇಷ್ಟು ಇಳಿಸಿದ ಮೇಲೂ ಲೆಕ್ಕ ತಪ್ಪುವುದಿಲ್ಲವಾ ಅಂತ ಪರೀಕ್ಷಿಸಲು ಮೊದಲು ಸಿನಿಬೆಂಚ್ ಆರ್23, ಹತ್ತು ನಿಮಿಷ. ಪಾಸಾಯಿತು, ಸ್ಕೋರ್ ಕೂಡ ಏರಿತು. ಆದರೆ ಇದು ಬರೀ ವೇಗ ಅಳೆಯುತ್ತದೆ, ಒಳಗಿನ ಲೆಕ್ಕ ಸರಿ ಬಂತಾ ಅಂತ ನೋಡುವುದಿಲ್ಲ. ಕಂಪ್ಯೂಟರ್ ಪೂರ್ತಿ ನಿಂತುಹೋದರೆ ಮಾತ್ರ ನಮಗೆ ಗೊತ್ತಾಗೋದು.

ಪ್ರೈಮ್95 ಹಾಗಲ್ಲ. ದೊಡ್ಡ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು 1996ರಲ್ಲಿ ಶುರುವಾದ ಜಿಂಪ್ಸ್ ಯೋಜನೆಯ ಪ್ರೋಗ್ರಾಂ ಅದು, ಬಂದ ಉತ್ತರವನ್ನು ತಾಳೆ ನೋಡುತ್ತಲೇ ಇರುತ್ತದೆ. ಅದರಲ್ಲಿ ಸ್ಮಾಲ್ ಎಫ್‌ಎಫ್‌ಟಿ ಎಂಬ ಪರೀಕ್ಷೆ ಇಟ್ಟರೆ ಕೆಲಸವೆಲ್ಲ ಪ್ರೊಸೆಸರ್‌ನ ಕ್ಯಾಶೆಯಲ್ಲೇ (ಚಿಪ್ ಒಳಗಿನ ಪುಟ್ಟ ಮೆಮೊರಿ) ನಡೆಯುತ್ತದೆ, ಬಿಸಿ ಜಾಸ್ತಿ. ಕೂಲರ್ ಸಾಕಾಗುತ್ತದಾ ಅಂತ ನೋಡೋಕೆ ಇದೇ ಬೆಸ್ಟ್. ನಾಲ್ಕು ಗಂಟೆ ಓಡಿಸಿದೆ, ಒಂದೂ ಎರರ್ ಇಲ್ಲ. ಇಂಥದ್ದೇ ಇನ್ನೊಂದು ಪರೀಕ್ಷಾ ಪ್ರೋಗ್ರಾಂ ಓಸಿಸಿಟಿಯೂ ಅಷ್ಟೇ, ಫ್ರೀ ಆವೃತ್ತಿಯಲ್ಲಿ ಸಿಗುವ ಒಂದು ಗಂಟೆ ಪೂರ್ತಿ ಓಡಿತು. ಕೋರ್‌ವಾರು ಎರರ್ ತೋರಿಸುವ ಅದರ ಪರದೆ ನನಗೆ ತುಂಬಾ ಇಷ್ಟ, ಹೊಸಬರಿಗೆ ಓದೋಕೆ ಸುಲಭ.

ಮೂರನೇ ದಿನ ಬ್ರೌಸರ್‌ನಲ್ಲಿ ಎರಡು ಟ್ಯಾಬ್ ತೆರೆದಿಟ್ಟು ಕಾಫಿ ತರಲು ಎದ್ದು ಹೋಗಿದ್ದೆ. ವಾಪಸ್ ಬಂದರೆ ಲಾಗಿನ್ ಪರದೆ! ಕರೆಂಟ್ ಹೋಗಿ ಬಂತಾ ಅಂದುಕೊಂಡೆ, ಆದರೆ ಗೋಡೆ ಗಡಿಯಾರದ ಪಕ್ಕದ ರೂಟರ್ ಆಫ್ ಆಗಿರಲಿಲ್ಲ. ವಿಂಡೋಸ್ ಬರೆದಿಟ್ಟ ತಪ್ಪುಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆಗೆದೆ. ಕರ್ನಲ್-ಪವರ್ 41 (ಸರಿಯಾಗಿ ಶಟ್‌ಡೌನ್ ಆಗದೆ ರೀಸ್ಟಾರ್ಟ್ ಆಯಿತು ಎಂಬ ದಾಖಲೆ) ಇತ್ತು, ಅದು ಕರೆಂಟ್ ಹೋದರೂ ಬರುತ್ತದೆ, ಅದೊಂದರಿಂದ ಏನೂ ಹೇಳೋಕಾಗಲ್ಲ. ಅದರ ಹತ್ತಿರವೇ ಹಾರ್ಡ್‌ವೇರ್ ತಪ್ಪು ಹೇಳುವ ಡಬ್ಲ್ಯೂಎಚ್‌ಇಎ-ಲಾಗರ್ 18 ಕೂತಿತ್ತು: ಕ್ಯಾಶೆ ಹೈರಾರ್ಕಿ ಎರರ್, ಎಪಿಕ್ ಐಡಿ (ಥ್ರೆಡ್‌ನ ಸಂಖ್ಯೆ) 4. ಸೊನ್ನೆಯಿಂದ ಎಣಿಸಿದರೆ, ಒಂದು ಕೋರ್‌ಗೆ ಎರಡು ಥ್ರೆಡ್, ಅಂದರೆ ಕೋರ್ 2.

ಯಾಕೆ ಹೀಗೆ? ಎಲ್ಲಾ ಕೋರ್ ಒಟ್ಟಿಗೆ ದುಡಿಯುವಾಗ 76 ವ್ಯಾಟ್ ಹಂಚಿಕೊಳ್ಳಬೇಕು, ಹಾಗಾಗಿ ಪ್ರೈಮ್95ನಲ್ಲಿ ಕ್ಲಾಕ್ 4.2 ಗಿಗಾಹರ್ಟ್ಸ್‌ಗೆ ಇಳಿದಿತ್ತು, ಆ ವೇಗಕ್ಕೆ ಕೊಟ್ಟ ವೋಲ್ಟೇಜ್ ಧಾರಾಳ ಸಾಕು. ಸುಮ್ನೆ ಕೂತಿದ್ದಾಗ ಒಂದೇ ಕೋರ್ ಎದ್ದು 4.85ಕ್ಕೆ ಹಾರುತ್ತದೆ. ಅಲ್ಲಿ ಮೈನಸ್ 30 ಸಾಲಲಿಲ್ಲ. ನಾನು ಗಂಟೆಗಟ್ಟಲೆ ಪರೀಕ್ಷಿಸಿದ್ದು ಆ ವೇಗವನ್ನೇ ಅಲ್ಲ!

ಆಮೇಲೆ ಸಿಕ್ಕಿದ್ದು ಕೋರ್‌ಸೈಕ್ಲರ್. ಇದು ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಓಡುವ ಒಂದು ಸ್ಕ್ರಿಪ್ಟ್, ಪ್ರೈಮ್95 ಅನ್ನೇ ಒಂದು ಸಲಕ್ಕೆ ಒಂದೇ ಕೋರ್ ಮೇಲೆ ಓಡಿಸಿ ಮುಂದಿನದಕ್ಕೆ ಹೋಗುತ್ತದೆ. ಎಸ್‌ಎಸ್‌ಇ ಎಂಬ ಹಗುರ ಮೋಡ್ ಇಟ್ಟರೆ ಬಿಸಿ ಕಡಿಮೆ, ಕ್ಲಾಕ್ ಮೇಲೆಯೇ ಇರುತ್ತದೆ. ಕೋರ್ 2ರ ಸರದಿ ಬಂದು ನಾಲ್ಕು ನಿಮಿಷವೂ ಆಗಿರಲಿಲ್ಲ, 'ರೌಂಡಿಂಗ್ ವಾಸ್ 0.5, ಎಕ್ಸ್‌ಪೆಕ್ಟೆಡ್ ಲೆಸ್ ದ್ಯಾನ್ 0.4' ಅಂತ ಸಾಲು ಬಂತು, ಅಂದರೆ ಲೆಕ್ಕ ತಪ್ಪಿತು. ಕೋರ್ 4 ಕೂಡ ಎರಡನೇ ಸುತ್ತಿನಲ್ಲಿ ಸೋತಿತು. ಇವೆರಡೂ ನನ್ನ ಚಿಪ್‌ನ ಒಳ್ಳೆಯ ಕೋರ್‌ಗಳು, ವಿಂಡೋಸ್ ಮೊದಲು ಕೆಲಸ ಕೊಡೋದೇ ಇವಕ್ಕೆ. ಇಂಥವು ಸಾಮಾನ್ಯವಾಗಿ ವೋಲ್ಟೇಜ್‌ನಲ್ಲಿ ಜಾಸ್ತಿ ಕಡಿತ ತಡೆಯಲ್ಲ, ಹಾಗಾಗಿ ಎಲ್ಲದಕ್ಕೂ ಒಂದೇ ಅಂಕಿ ಕೊಡೋದನ್ನು ದಯವಿಟ್ಟು ಬಿಡಿ.

ಇದರ ಕಷ್ಟ ಒಂದೇ, ಸಮಯ. ಆರು ಕೋರ್‌ಗೆ ರಾತ್ರಿಯೆಲ್ಲಾ ಬೇಕು. ಯುಪಿಎಸ್ ಇಲ್ಲದಿದ್ದರೆ ಬೆಳಿಗ್ಗೆ ಕಂಪ್ಯೂಟರ್ ಆಫ್ ಆಗಿರೋದು ನೋಡಿ ತಲೆ ಕೆಡಿಸಿಕೊಳ್ಳಬೇಡಿ, ಕೋರ್‌ಸೈಕ್ಲರ್‌ನ ಲಾಗ್ ಫೈಲ್ ತೆಗೆದು ಕೊನೆಯ ಸಾಲು ನೋಡಿ, ಯಾವ ಕೋರ್‌ನಲ್ಲಿ ನಿಂತಿತ್ತು ಅಂತ ಬರೆದಿರುತ್ತದೆ.

ಈಗ ನನ್ನ ಕೋರ್ 2 ಮೈನಸ್ 12ರಲ್ಲಿದೆ, ಕೋರ್ 4 ಮೈನಸ್ 20ರಲ್ಲಿ, ಉಳಿದ ನಾಲ್ಕೂ 30ರಲ್ಲೇ. ಮೂರು ವಾರವಾಯಿತು, ಈವೆಂಟ್ ವ್ಯೂವರ್‌ನಲ್ಲಿ ಆ 18 ಮತ್ತೆ ಕಂಡಿಲ್ಲ.