ಹೊರದೇಶಕ್ಕೆ ಕೆಲಸಕ್ಕೆ ಹೊರಟಿದ್ದೀರಾ? ಸಂಬಳ ಕೊಡೋದು ಯಾರು ಅಂತ ಮೊದಲು ಕೇಳಿ

ಏಜೆಂಟ್ ನಮಗೆ ತೋರಿಸಿದ್ದು ದೊಡ್ಡ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಫೋಟೋ. ಎಂಟು ಗಂಟೆ ಕೆಲಸ, ಓಟಿ ಬೇರೆ, ರೂಮ್ ಫ್ರೀ ಅಂತ ಅಗ್ರಿಮೆಂಟಿನಲ್ಲಿತ್ತು. ವಿಮಾನ ಇಳಿದ ರಾತ್ರಿಯೇ ಇನ್ನೊಂದು ಅಗ್ರಿಮೆಂಟ್ ಮುಂದಿಟ್ಟರು. ಅದರ ಭಾಷೆ ನಮಗೆ ಬಾರದು. ಅಂಕಿ ಮಾತ್ರ ಅರ್ಥವಾಯಿತು, ಸಂಬಳ ಇಳಿದಿತ್ತು. ‘ಸಹಿ ಹಾಕದಿದ್ದರೆ ನಾಳೆಯೇ ವಾಪಸ್, ಟಿಕೆಟ್ ಖರ್ಚು ನಿಮ್ಮದು’ ಅಂದರು. ಏಜೆಂಟಿಗೆ ಸುರಿದ ದುಡ್ಡೆಲ್ಲ ಬಡ್ಡಿ ಸಾಲ. ಬರಿಗೈಲಿ ಯಾರು ವಾಪಸ್ ಹೋಗ್ತಾರೆ? ಎಲ್ಲರೂ ಸಹಿ ಹಾಕಿದೆವು.

ಅದರ ಹಿಂದೆಯೇ ಒಂದು ಸಣ್ಣ ಚೀಟಿ ಬಂತು. ‘ನನ್ನ ಪಾಸ್‌ಪೋರ್ಟನ್ನು ಸುರಕ್ಷತೆಗಾಗಿ ನಾನೇ ಇಚ್ಛೆಪಟ್ಟು ಕಂಪನಿಗೆ ಕೊಟ್ಟಿದ್ದೇನೆ’ ಅಂತ ಮೊದಲೇ ಪ್ರಿಂಟ್ ಆಗಿತ್ತು. ಹೆಸರಿನ ಜಾಗ ಮಾತ್ರ ಖಾಲಿ. ಅಂದರೆ ನಮ್ಮ ಇಚ್ಛೆಯನ್ನೂ ಅವರೇ ಅಚ್ಚು ಹಾಕಿಸಿಟ್ಟಿದ್ದರು! ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು ಬಲವಂತದ ದುಡಿಮೆಯ ಒಂದು ಗುರುತು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಅಂದರೆ ಐಎಲ್‌ಒ ಹೇಳುತ್ತದೆ. ಈ ಚೀಟಿ ಇರುವುದೇ ಆ ಮಾತಿನಿಂದ ತಪ್ಪಿಸಿಕೊಳ್ಳಲು.

ಆದರೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ಎರಡನೇ ಅಗ್ರಿಮೆಂಟಿನಲ್ಲಿ ಕಾರ್ಖಾನೆಯ ಹೆಸರೇ ಇರಲಿಲ್ಲ. ಇದ್ದದ್ದು ಆಳು ಒದಗಿಸುವ ಒಂದು ಸಪ್ಲೈ ಕಂಪನಿಯ ಹೆಸರು. ಓಟಿ ದುಡ್ಡು ಬರಲಿಲ್ಲ ಅಂತ ಕಾರ್ಖಾನೆಯವರನ್ನು ಕೇಳಿದರೆ ‘ಸಪ್ಲೈಯವರನ್ನು ಕೇಳಿ’. ಸಪ್ಲೈಯವರನ್ನು ಕೇಳಿದರೆ ‘ಕಾರ್ಖಾನೆಯಿಂದ ಬಿಲ್ ಪಾಸ್ ಆಗಿಲ್ಲ’. ನಾವು ಜೋಡಿಸುವ ಮಾಲಿನ ಮೇಲೆ ಹೆಸರಿದ್ದ ಬ್ರ್ಯಾಂಡ್ ಕಂಪನಿಯಂತೂ ಇನ್ನೊಂದು ಖಂಡದಲ್ಲಿ. ಅದರ ನೀತಿ ನಿಯಮಗಳ ಬೋರ್ಡು ಕ್ಯಾಂಟೀನ್ ಗೋಡೆ ಮೇಲಿತ್ತು. ತಪಾಸಣೆಯವರು ಬಂದ ದಿನ ನಮ್ಮನ್ನು ರೂಮಿನಲ್ಲೇ ಇರಿಸಿದರು. ಜಾಗತೀಕರಣ ಅಂದರೆ ಏನು ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು ಆವತ್ತು. ಮಾಲು ಎಲ್ಲ ಗಡಿ ದಾಟುತ್ತದೆ, ಜವಾಬ್ದಾರಿ ಮಾತ್ರ ಒಂದೊಂದು ಬಾಗಿಲಲ್ಲೂ ನಿಂತುಬಿಡುತ್ತದೆ.

ಕಾರ್ಖಾನೆಯಲ್ಲಿ ಯೂನಿಯನ್ ಇತ್ತು. ಕೆಟ್ಟವರೇನಲ್ಲ. ಆದರೆ ‘ನೀವು ಈ ಕಂಪನಿಯ ಕೆಲಸಗಾರರಲ್ಲ, ನಮ್ಮ ಒಪ್ಪಂದ ನಿಮಗೆ ಅನ್ವಯಿಸಲ್ಲ’ ಅಂದರು. ಕಡಿಮೆ ಸಂಬಳಕ್ಕೆ ದುಡಿದು ತಮ್ಮ ಕೆಲಸ ಕಿತ್ತುಕೊಳ್ಳೋಕೆ ಬಂದವರು ಇವರು ಅನ್ನೋ ಗುಮಾನಿಯೂ ಅವರಿಗಿತ್ತು ಅನ್ಸುತ್ತೆ. ಸಂಘ ಸೇರುವ ಹಕ್ಕಿನಲ್ಲಿ ಭೇದ ಮಾಡಬಾರದು ಅಂತ ಐಎಲ್‌ಒದ 87ನೇ ಒಪ್ಪಂದ 1948ರಲ್ಲೇ ಹೇಳಿದೆ. ವಲಸೆ ಕಾರ್ಮಿಕರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ ಒಪ್ಪಂದವೂ ಇದೆ. 1990ರಲ್ಲಿ ಅಂಗೀಕಾರ ಆಯಿತು, ಜಾರಿಗೆ ಬಂದದ್ದು 2003ರಲ್ಲಿ. ಅದನ್ನು ಒಪ್ಪಿಕೊಂಡವು ಹೆಚ್ಚಾಗಿ ಜನರನ್ನು ಕಳಿಸುವ ದೇಶಗಳು. ಕರೆಸಿಕೊಳ್ಳುವ ಶ್ರೀಮಂತ ದೇಶಗಳು ದೂರವೇ ಉಳಿದಿವೆ.

ಹಾಗಾಗಿ ಹೋಗುವ ದೇಶದಲ್ಲಿ ಹೊರಗಿನವರು ಯೂನಿಯನ್ ಸೇರಬಹುದಾ ಅಂತ ಮೊದಲೇ ವಿಚಾರಿಸಿ. ಪಕ್ಕಪಕ್ಕದ ದೇಶಗಳಲ್ಲೇ ವ್ಯತ್ಯಾಸ ಇದೆ. ಬಹರೈನ್‌ನಲ್ಲಿ ವಲಸೆ ಕಾರ್ಮಿಕರು ಸೇರಬಹುದು, ಯುಎಇಯಲ್ಲಿ ಯೂನಿಯನ್‌ಗೇ ಅವಕಾಶವಿಲ್ಲ. ಏಜೆಂಟಿಗೆ ಇದೆಲ್ಲ ಗೊತ್ತಿರುತ್ತದೆ, ಅವನು ಹೇಳುವುದಿಲ್ಲ ಅಷ್ಟೇ. ಅಂದಹಾಗೆ, ಕೆಲಸ ಕೊಡಿಸಲು ಕಾರ್ಮಿಕರಿಂದ ಶುಲ್ಕ ವಸೂಲಿ ಮಾಡಬಾರದು ಅನ್ನುವುದು ಐಎಲ್‌ಒದ 181ನೇ ಒಪ್ಪಂದದ ನಿಯಮ, 1997ರದ್ದು. ಇದಕ್ಕೆ ವಿನಾಯಿತಿ ಪಡೆಯುವ ದಾರಿಯೂ ಅದರಲ್ಲೇ ಇದೆ, ಅದು ಬೇರೆ ಮಾತು.

ನಮಗೆ ಕೊನೆಗೆ ದಾರಿ ತೋರಿಸಿದ್ದು ಅದೇ ಯೂನಿಯನ್ನಿನ ಒಬ್ಬ ಹೆಂಗಸು. ವಲಸೆ ಕಾರ್ಮಿಕರಿಗಾಗಿ ಯೂನಿಯನ್‌ಗಳ ಒಕ್ಕೂಟ ನಡೆಸುವ ಸಹಾಯ ಕೇಂದ್ರದ ನಂಬರ್ ಬರೆದುಕೊಟ್ಟರು. ಅಲ್ಲಿ ನಮ್ಮ ಕಷ್ಟ ಕೇಳುವುದಕ್ಕೂ ಮುಂಚೆ ‘ಟೈಮ್‌ಶೀಟ್ ಇದೆಯಾ?’ ಅಂದರು. ಯಾವ ದಿನ ಎಷ್ಟು ಗಂಟೆ ದುಡಿದೆವು ಅನ್ನುವ ಲೆಕ್ಕದ ಹಾಳೆ ಅದು. ನಮ್ಮಲ್ಲಿ ಕೆಲವರು ಶಿಫ್ಟ್ ಮುಗಿದಾಗಲೆಲ್ಲ ಮೊಬೈಲ್‌ನಲ್ಲಿ ಅದರ ಫೋಟೋ ಹೊಡೆದಿಟ್ಟಿದ್ದರು. ಅವರಿಗೆ ಬಾಕಿ ಓಟಿ ಸಿಕ್ಕಿತು. ಉಳಿದವರ ಲೆಕ್ಕಕ್ಕೆ ಸಪ್ಲೈ ಕಂಪನಿ ಕೊಟ್ಟ ಅಂಕಿಯೇ ಗತಿಯಾಯಿತು. ಹೊರಡುವ ಮುಂಚೆ ಊರಲ್ಲಿ ಸಹಿ ಹಾಕಿದ ಮೊದಲ ಅಗ್ರಿಮೆಂಟಿನ ಫೋಟೋವನ್ನು ಮನೆಯವರ ಮೊಬೈಲಿಗೂ ಕಳಿಸಿಡಿ. ಅಲ್ಲಿ ಇಳಿದ ತಕ್ಷಣ ಕಂಪನಿಯವರು ಮೊದಲು ಕೇಳಿ ತೆಗೆದುಕೊಳ್ಳುವುದು ಆ ಕಾಗದವನ್ನೇ.