ಕುಲುಮೆಯ ಚಾಕು, ಕಾರ್ಖಾನೆಯ ಚಾಕು: ಒಂದು ವರ್ಷ ಬಳಸಿ ನೋಡಿದ ಮೇಲೆ

ಹೋದ ವರ್ಷ ಮೂರು ಚಾಕುಗಳನ್ನು ಒಟ್ಟಿಗೆ ಬಳಸೋಕೆ ಶುರುಮಾಡಿದೆ. ಒಂದು ಕಮ್ಮಾರರು ಕುಲುಮೆಯಲ್ಲಿ ಬಡಿದು ಮಾಡಿದ ಕಾರ್ಬನ್ ಉಕ್ಕಿನದು, ಮರದ ಹಿಡಿ. ಇನ್ನೊಂದು ಕಾರ್ಖಾನೆಯ ಸ್ಟೇನ್‌ಲೆಸ್ ಸ್ಟೀಲ್, ಪ್ಲಾಸ್ಟಿಕ್ ಹಿಡಿ. ಮೂರನೆಯದು ಬಿಳಿ ಸೆರಾಮಿಕ್. ಅದು ಎರಡನೇ ತಿಂಗಳಲ್ಲೇ ಕೈಜಾರಿ ಬಿದ್ದು ತುದಿ ಮುರಿಯಿತು. ಅದರ ಕಥೆ ಅಷ್ಟೇ.

ಹರಿತ ನೋಡೋಕೆ ಹಣ್ಣಾದ ಟೊಮೆಟೊ ಸಾಕು. ಕುಲುಮೆಯ ಚಾಕುವನ್ನು ಸಿಪ್ಪೆಯ ಮೇಲಿಟ್ಟು ಎಳೆದರೆ ತನ್ನ ಭಾರಕ್ಕೇ ಇಳಿಯುತ್ತದೆ. ಕಾರ್ಖಾನೆಯದೂ ಹೊಸದರಲ್ಲಿ ಹಾಗೇ ಇತ್ತು. ಮೂರು ವಾರ ಕಳೆಯುವಷ್ಟರಲ್ಲಿ ಕೊಯ್ಯುವ ಬದಲು ಹಿಚುಕೋಕೆ ಶುರುಮಾಡಿತು.

ಮೊದಮೊದಲು ಇದು ಕಾರ್ಖಾನೆಯವರ ಜಿಪುಣತನ ಅಂದುಕೊಂಡಿದ್ದೆ. ಹಾಗಲ್ಲ. ಉಕ್ಕಿನ ಗಡಸುತನವನ್ನು ರಾಕ್‌ವೆಲ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಕಾರ್ಖಾನೆಯ ಅಡುಗೆ ಚಾಕುಗಳು ಸಾಮಾನ್ಯವಾಗಿ 54ರಿಂದ 58ರ ಆಸುಪಾಸಿನಲ್ಲಿರುತ್ತವೆ. ಚೆನ್ನಾಗಿ ಹದ ಮಾಡಿದ, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡಿದ, ಕಾರ್ಬನ್ ಉಕ್ಕು 60 ದಾಟುತ್ತದೆ. ಗಡಸು ಜಾಸ್ತಿಯಾದರೆ ಹರಿತ ಉಳಿಯುತ್ತದೆ, ಆದರೆ ಚಕ್ಕೆ ಏಳುತ್ತದೆ. ಚಾಕು ಯಾರ ಕೈ ಸೇರುತ್ತದೋ ಕಾರ್ಖಾನೆಗೆ ಗೊತ್ತಿಲ್ಲ. ಒಬ್ಬರು ಡಬ್ಬಿಯ ಮುಚ್ಚಳ ಎಬ್ಬುತ್ತಾರೆ, ಇನ್ನೊಬ್ಬರು ಮೂಳೆ ಕಡಿಯುತ್ತಾರೆ. ಮೆತ್ತಗಿನ ಬಾಯಿ ಮುರಿಯುವ ಬದಲು ಸುಮ್ನೆ ಬಾಗುತ್ತದೆ. ಬೇಕೆಂದೇ ಹಾಗೆ ಮಾಡಿರುತ್ತಾರೆ.

ಇದು ನನಗೆ ಅರ್ಥವಾದದ್ದು ಒಂದು ಕುಂಬಳಕಾಯಿಯಿಂದ. ಕುಲುಮೆಯ ಚಾಕು ಅದರೊಳಗೆ ಸಿಕ್ಕಿಕೊಂಡಿತು, ಆತುರಕ್ಕೆ ಅಲಗನ್ನು ಪಕ್ಕಕ್ಕೆ ತಿರುಚಿದೆ. ಎಳೆದು ನೋಡಿದರೆ ಬಾಯಲ್ಲಿ ನುಚ್ಚಕ್ಕಿಯಷ್ಟು ಚಕ್ಕೆ ಹಾರಿತ್ತು. ತಪ್ಪು ನನ್ನದೇ.

ಅದನ್ನು ಸರಿಮಾಡಿಸೋಕೆ ಹೋದಾಗ ಹೊಸ ಚಾಕುವೊಂದರ ಹದ ನಡೆಯುತ್ತಿತ್ತು. ಕಮ್ಮಾರರು ಕಿಟಕಿಗೆ ಬಟ್ಟೆ ಇಳಿಬಿಟ್ಟಿದ್ದರು. ಬೆಳಕು ಜಾಸ್ತಿಯಾದರೆ ಕೆಂಪಿನ ಹದ ಕಣ್ಣಿಗೆ ಸಿಗಲ್ಲ ಅಂದರು. ಅಲಗನ್ನು ಆಗಾಗ ಅಯಸ್ಕಾಂತಕ್ಕೆ ತಾಗಿಸಿ ನೋಡುತ್ತಿದ್ದರು. ಸುಮಾರು 770 ಡಿಗ್ರಿ ದಾಟಿದರೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟಲ್ಲ. ಅಲ್ಲಿಂದ ಇನ್ನೊಂದು ಚೂರು ಕಾಯಿಸಿ, ತಕ್ಷಣ ಎಣ್ಣೆಯಲ್ಲಿ ಅದ್ದಿದರು. ಆಗ ಅದು ಗಾಜಿನಷ್ಟೇ ಪೆಡಸು. ಮತ್ತೆ 200 ಡಿಗ್ರಿ ಸುತ್ತಮುತ್ತ ಕಾಯಿಸಿದಾಗ ಮೈಮೇಲೆ ಒಣಹುಲ್ಲಿನ ಬಣ್ಣ ಬಂತು, ಪೆಡಸುತನ ಇಳಿಯಿತು. ಕಾರ್ಖಾನೆಯಲ್ಲಿ ಇದೇ ಕೆಲಸವನ್ನು ಉಷ್ಣತೆ ಅಳೆಯುವ ಕುಲುಮೆ ಮಾಡುತ್ತದೆ. ಸಾವಿರ ಚಾಕುವಿಗೂ ಒಂದೇ ಹದ. ಇಲ್ಲಿ ಕಣ್ಣು ತಪ್ಪಿದರೆ ಹದವೂ ತಪ್ಪಿತು.

ತುಕ್ಕಿನ ವಿಷಯದಲ್ಲಿ ಕಾರ್ಖಾನೆಯದೇ ಗೆಲುವು, ಚರ್ಚೆಯೇ ಬೇಡ. ಉಕ್ಕಿನಲ್ಲಿ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇದ್ದರೆ ಮೈಮೇಲೆ ಕಣ್ಣಿಗೆ ಕಾಣದ ಪದರ ಕಟ್ಟಿ ತುಕ್ಕನ್ನು ತಡೆಯುತ್ತದೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಲೋಹತಜ್ಞ ಹ್ಯಾರಿ ಬ್ರಿಯರ್ಲಿ ಇಂಥ ಉಕ್ಕು ಮಾಡಿದಾಗ ಹುಡುಕುತ್ತಿದ್ದದ್ದು ಬೇಗ ಸವೆಯದ ಬಂದೂಕಿನ ನಳಿಗೆಗೆ. ದಕ್ಕಿದ್ದು ಅಡುಗೆಮನೆಗೆ! ನನ್ನ ಕಾರ್ಬನ್ ಚಾಕುವಿನಲ್ಲಿ ನಿಂಬೆಹಣ್ಣು ಕೊಯ್ದು ಒರೆಸದೆ ರಾತ್ರಿಯಿಡೀ ಬಿಟ್ಟಿದ್ದೆ. ಬೆಳಗ್ಗೆ ಕಪ್ಪು ಕಲೆ, ಅಂಚಿನಲ್ಲಿ ಕೆಂಪು ಪುಡಿ.

ಹಿಡಿಯಲ್ಲಿ ಹಣಕಾಸಿನ ಲೆಕ್ಕ ಎದ್ದು ಕಾಣುತ್ತದೆ. ಪ್ಲಾಸ್ಟಿಕ್ ಹಿಡಿಯ ಅಚ್ಚಿಗೆ ಮೊದಲೇ ದೊಡ್ಡ ದುಡ್ಡು ಹಾಕಬೇಕು. ಆಮೇಲೆ ಸಾವಿರಾರು ಹಿಡಿ ತೆಗೆದರೆ ಒಂದೊಂದರ ಪಾಲಿಗೆ ಬರುವುದು ಚೂರುಪಾರು. ಆದರೆ ಅಳತೆ ಬದಲಿಸಬೇಕೆಂದರೆ ಹೊಸ ಅಚ್ಚೇ ಬೇಕು. ಅದರಲ್ಲಿ ಬೆರಳಿಗೆಂದು ಮಾಡಿದ ತಗ್ಗುಗಳು ನನ್ನ ಬೆರಳಿಗೆ ಕೂರಲ್ಲ, ಕಿರುಬೆರಳು ಹೊರಗೇ ಉಳಿಯುತ್ತದೆ. ಕಮ್ಮಾರರಿಗೆ ಮೊದಲನೆಯದಕ್ಕೂ ನೂರನೆಯದಕ್ಕೂ ಬೀಳುವ ಶ್ರಮ ಒಂದೇ, ಹಾಗಾಗಿ ಬೆಲೆ ಇಳಿಯಲ್ಲ. ಆದರೆ ಹಿಡಿ ಇನ್ನೊಂದು ಬೆರಳಗಲ ಉದ್ದ ಇರಲಿ ಅಂದರೆ ಅಷ್ಟೇ ಉದ್ದ ಮಾಡಿಕೊಡುತ್ತಾರೆ. ನೀರಲ್ಲಿ ನೆನೆದು ಆ ಮರದ ಹಿಡಿ ಒಮ್ಮೆ ಸಡಿಲವಾಯಿತು, ಅದೂ ನಿಜ.

ಸಾಣೆಕಲ್ಲಿನ ಮೇಲೆ ಕಾರ್ಬನ್ ಐದು ನಿಮಿಷಕ್ಕೆ ಹರಿತವಾಗುತ್ತದೆ. ನನ್ನ ಸ್ಟೇನ್‌ಲೆಸ್ ಚಾಕುವಿನ ಅಂಚಿನಲ್ಲಿ ಉಜ್ಜುವಾಗ ಏಳುವ ಉಕ್ಕಿನ ತೆಳುವಾದ ಎಳೆಯೊಂದು ಆ ಕಡೆ ಈ ಕಡೆ ವಾಲುತ್ತಲೇ ಇರುತ್ತದೆ, ಬೇಗ ಬಿಡಲ್ಲ.

ನನ್ನ ಆಯ್ಕೆ ಕುಲುಮೆಯದು. ಆದರೆ ಮನೆಯವರೆಲ್ಲ ಸೇರಿ ಬಳಸುವ ಅಡುಗೆಮನೆಗೆ ಒಂದೇ ಕೊಳ್ಳುವುದಾದರೆ ಕಾರ್ಖಾನೆಯದನ್ನೇ ಕೊಳ್ಳಿ ಅಂತೀನಿ. ಒರೆಸುವ, ಎಣ್ಣೆ ಹಚ್ಚುವ ಕೆಲಸವನ್ನು ಅದು ಯಾರ ಮೇಲೂ ಹೊರಿಸಲ್ಲ. ನಮ್ಮನೆಯಲ್ಲಿ ಅದು ಕೈಗೆ ಸಿಗುವ ಕಡೆ ನೇತಾಡುತ್ತಿದೆ. ಕುಲುಮೆಯದು ಎಣ್ಣೆಬಟ್ಟೆ ಸುತ್ತಿಕೊಂಡು ಡ್ರಾಯರ್‌ನಲ್ಲಿದೆ. ನನ್ನ ಬಿಟ್ಟು ಅದನ್ನು ಯಾರೂ ಮುಟ್ಟಲ್ಲ, "ಆಮೇಲೆ ಒರೆಸೋದು ಯಾರು?" ಅಂತಾರೆ.